ಹುಳದ ಮದ್ದಿನ ಸಾಲು

"ಕಳ್ಳು ಕುಡಿದಿದ್ದೀರಾ?" ಎಂದು ಕೇಳಿ ಕೇಳಿ ನರ್ಸ್ ಗ್ಲ್ಯಾಡಿಸಳಿಗೆ ಸಾಕಾಗಿ ಹೋಗಿತ್ತು. ಎಲ್ಲರದ್ದೂ ಒಂದೇ ಉತ್ತರ: ಇಲ್ಲ.

ಹೊಳೆಬದಿಯ ಹಂಚಿನ ಕಾರ್ಖಾನೆಯಲ್ಲಿ ಬರಿಗಾಲಲ್ಲಿ ಮಣ್ಣು ತುಳಿಯುವವರ ಹೊಟ್ಟೆಯಲ್ಲೆಲ್ಲ ಕೊಕ್ಕೆಹುಳ. ಅದು ರಕ್ತ ಹೀರಿ ಹೀರಿ ಆಳುಗಳು ಸುಣ್ಣದ ಹಾಗೆ ಬಿಳಿಚಿಕೊಂಡಿದ್ದರು. ಮದರಾಸಿನಿಂದ ಹೊಸ ಮದ್ದು ಬಂದಿತ್ತು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಗುಳಿಗೆ ನುಂಗಿ, ಮೇಲೆ ಭೇದಿಯ ಉಪ್ಪು ಕುಡಿದರೆ ಹುಳ ಬೀಳುತ್ತಿತ್ತು. ಪಥ್ಯ ಒಂದೇ. ಹಿಂದಿನ ದಿನವೂ ಮರುದಿನವೂ ಕಳ್ಳು ಮುಟ್ಟಬಾರದು, ಮುಟ್ಟಿದರೆ ಮದ್ದೇ ವಿಷವಾಗುತ್ತದೆ ಎಂದು ಡಾಕ್ಟರು ಮೊದಲೇ ಸಾರಿದ್ದರು.

ಮದ್ದು ನುಂಗಿದವರ ಮನೆಗೆ ಹೋಗಿ ಹೇಗಿದ್ದಾರೆಂದು ನೋಡಿಬರುವುದು ಗ್ಲ್ಯಾಡಿಸಳ ಕೆಲಸ. ಹೆಚ್ಚಿನವರು ಚೇತರಿಸಿಕೊಂಡಿದ್ದರು. ಕೆಲವರು ಮಾತ್ರ ಕಣ್ಣು ಹಳದಿಯಾಗಿ, ವಾಂತಿ ನಿಲ್ಲದೆ ಮಲಗಿದ್ದರು. ಅವರಲ್ಲಿ ಸಂಕಪ್ಪ ಸತ್ತೇಹೋದ. ಕುಡುಕರೇ ಬಿದ್ದಿದ್ದರೆ ವಿಷಯ ಸುಲಭವಿತ್ತು. ಕಾರ್ಖಾನೆಗೇ ಹೆಸರಾದ ಕುಡುಕ ನೋಣಯ್ಯ ಹೆದರಿ ಗಡಂಗಿನ ದಾರಿಯನ್ನೇ ಬಿಟ್ಟು, ಮದ್ದು ನುಂಗಿ, ಗುಂಡುಕಲ್ಲಿನ ಹಾಗೆ ತಿರುಗಾಡುತ್ತಿದ್ದ. ಬಿದ್ದವರೆಲ್ಲ ಸಾಧು ಜನ, ಆಣೆ ಹಾಕಿ ಇಲ್ಲವೆಂದವರು. ಅವರು ಸುಳ್ಳು ಹೇಳುವವರಲ್ಲ ಎಂಬುದೇ ದೊಡ್ಡ ತಲೆನೋವು.

"ಇನ್ನೊಬ್ಬರು ಹೋದರೆ ನಾನು ಮದ್ದು ನಿಲ್ಲಿಸ್ತೇನೆ ಸಿಸ್ಟರ್," ಎಂದರು ಡಾಕ್ಟರು. ಅವರ ದನಿಯಲ್ಲೂ ಜೀವವಿರಲಿಲ್ಲ.

ಕೊಟ್ಟರೆ ಮದ್ದು ಕೊಲ್ಲುತ್ತದೆ, ಬಿಟ್ಟರೆ ಹುಳ ಕೊಲ್ಲುತ್ತದೆ. ಅತ್ತ ದರಿ, ಇತ್ತ ಪುಲಿ. ಮರುದಿನ ಮದ್ದು ತೆಗೆದುಕೊಳ್ಳುವವರಲ್ಲಿ ಸಂಕಪ್ಪನ ಹೆಂಡತಿ ದೇಯಿಯೂ ಇದ್ದಳು. ಅಂಗಳ ಗುಡಿಸಿದರೂ ಏದುಸಿರು ಬಿಡುವ ಹೆಂಗಸು, ಮದ್ದಿಲ್ಲದೆ ಮಳೆಗಾಲ ದಾಟುವಂತಿರಲಿಲ್ಲ. ಗಂಡನನ್ನು ಕೊಂಡುಹೋದ ಗುಳಿಗೆಯನ್ನೇ ಅವಳ ಕೈಗೆ ಹೇಗಪ್ಪಾ ಕೊಡುವುದು ಎಂದುಕೊಳ್ಳುತ್ತ ಗ್ಲ್ಯಾಡಿಸ್ ಸಂಜೆ ಅವಳ ಮನೆಗೆ ನಡೆದಳು.

ಸಂಕಪ್ಪ ಸತ್ತು ತಿಂಗಳಾಗಿ, ಸೂತಕ ಕಳೆದಿತ್ತು. ದೇಯಿ ಜಗಲಿ ಸಾರಿಸಿ ಬಾಳೆಲೆ ಹಾಕಿದ್ದಳು. ಎಲೆಯಲ್ಲಿ ಅನ್ನ, ಕೋಳಿಸಾರು. ಪಕ್ಕದಲ್ಲಿ ಒಂದು ಗಿಂಡಿ.

"ಇದೆಂತ ದೇಯಿ?"

"ಅಗೆಲು, ಬಾಯಮ್ಮ. ನಾಳೆ ಮದ್ದಲ್ಲವಾ? ಮನೆಯ ದೈವಕ್ಕೆ ಬಡಿಸಿ, ಕಾಪಾಡು ಅಂತ ಹೇಳಿಕೊಂಡೇ ಹೋಗುವುದು."

"ಗಿಂಡಿಯಲ್ಲಿ ಎಂತ ಉಂಟು?"

"ಕಳ್ಳು. ದೈವಕ್ಕೆ."

"ದೈವಕ್ಕೆ ಇಟ್ಟಾದ ಮೇಲೆ?"

"ಪ್ರಸಾದವನ್ನು ಚೆಲ್ಲಲಿಕ್ಕುಂಟಾ? ಯಾರ ಹೆಸರಲ್ಲಿ ಬಡಿಸಿದ್ದೋ ಅವರೇ ಮುಗಿಸಬೇಕು."

ಗ್ಲ್ಯಾಡಿಸಳಿಗೆ ಸಿಟ್ಟು ನೆತ್ತಿಗೇರಿತು. "ಕಳ್ಳು ಕುಡಿಯಲಿಲ್ಲ ಅಂತ ಎಲ್ಲರೂ ನನ್ನ ಹತ್ತಿರ ಆಣೆ ಹಾಕಿದ್ದೀರಲ್ಲ ಮಾರಾಯ್ತಿ!"

"ಕುಡಿಯಲಿಲ್ಲವಲ್ಲ," ಎಂದಳು ದೇಯಿ, ನಿಜವಾಗಿಯೂ ಆಶ್ಚರ್ಯಪಟ್ಟು. "ಕುಡಿಯುವುದು ಗಡಂಗಿನಲ್ಲಿ. ಇದು ಪ್ರಸಾದ."

ಗ್ಲ್ಯಾಡಿಸ್ ಜಗಲಿಯ ತುದಿಯಲ್ಲಿ ಕುಳಿತಳು. ಚರ್ಚಿನಲ್ಲಿ ತಾನು ತುಟಿಗಿಡುವ ದ್ರಾಕ್ಷಾರಸವನ್ನು ಯಾರಾದರೂ ಕುಡಿತವೆಂದರೆ ತಾನೂ ಒಪ್ಪುತ್ತಿರಲಿಲ್ಲ. ಸಿಟ್ಟು ಇಳಿದು ಹೋಗಿ ಬರೀ ಆಯಾಸ ಉಳಿಯಿತು.

"ಸಂಕಪ್ಪನ ಹೆಸರಲ್ಲೂ ಬಡಿಸಿದ್ದೆಯಾ?"

"ಬಡಿಸದೆ? ಅರ್ಧಕ್ಕೇ ಸಾಕು ಅಂದರು. ಉಳಿಸಿದರೆ ದೈವ ಮುನಿಯುತ್ತದೆ ಅಂತ ನಾನೇ ಒತ್ತಾಯಿಸಿ ಮುಗಿಸುವ ಹಾಗೆ ಮಾಡಿದೆ."

ತಿಂಗಳಿಡೀ ಹುಡುಕಿದ ಉತ್ತರ ಸಿಕ್ಕಿತ್ತು. ಸಿಗದಿದ್ದರೇ ಚೆನ್ನಾಗಿತ್ತು ಎಂದು ಗ್ಲ್ಯಾಡಿಸಳಿಗೆ ಅನ್ನಿಸಿತು. ಬಾಯಿ ಬಿಟ್ಟರೆ ಈ ಹೆಂಗಸು ಒಳಗೇ ಸಾಯುತ್ತಾಳೆ, ಬಿಡದಿದ್ದರೆ ನಾಳೆ ನಿಜವಾಗಿಯೂ ಸಾಯುತ್ತಾಳೆ.

"ಇವತ್ತು ಗಿಂಡಿಯಲ್ಲಿ ಎಳೆ ಬೊಂಡದ ನೀರು ಇಡು ದೇಯಿ," ಎಂದಳು ಮೆಲ್ಲಗೆ. "ಆ ಮದ್ದಿಗೂ ಕಳ್ಳಿಗೂ ಆಗುವುದಿಲ್ಲ. ಪ್ರಸಾದವಾದರೂ ಆಗುವುದಿಲ್ಲ."

ದೇಯಿ ಗಿಂಡಿಯನ್ನು ನೋಡಿದಳು. "ಹಾಗಾದರೆ ಇವರು..."

ಸಾವಿನ ಮನೆಗಳಲ್ಲಿ ಹೇಳಲು ಗ್ಲ್ಯಾಡಿಸಳ ಹತ್ತಿರ ಬೇಕಷ್ಟು ಮಾತುಗಳಿದ್ದವು. ಅವನ್ನೆಲ್ಲ ಬದಿಗಿಟ್ಟಳು. "ನಿನಗೆ ಗೊತ್ತಿರಲಿಲ್ಲ," ಎಂದಳು. "ನಮಗೂ ಗೊತ್ತಿರಲಿಲ್ಲ."

ದೇಯಿ ಅಳಲಿಲ್ಲ. ಗಿಂಡಿ ಎತ್ತಿಕೊಂಡು ಹೋಗಿ ತೆಂಗಿನ ಬುಡಕ್ಕೆ ಸುರಿದು, ಬೆನ್ನು ಹಾಕಿಯೇ ನಿಂತಳು. "ನೀವು ಹೋಗಿ ಬಾಯಮ್ಮ," ಎಂದಳು.

ಅವಳು ಬರುವುದಿಲ್ಲವೆಂದೇ ಗ್ಲ್ಯಾಡಿಸ್ ಅಂದುಕೊಂಡಿದ್ದಳು. ಬೆಳಿಗ್ಗೆ ಕಾರ್ಖಾನೆಯ ಅಂಗಳಕ್ಕೆ ಬಂದರೆ ದೇಯಿ ಸಾಲಿನ ನಡುವೆ, ಗೋಡೆಗೆ ಕೈಯೂರಿ ನಿಂತಿದ್ದಳು. ಈ ಸಲ ಗ್ಲ್ಯಾಡಿಸ್ ಪ್ರಶ್ನೆಯನ್ನು ಬಿಡಿಸಿ ಕೇಳಿದಳು. "ಗಡಂಗಿನ ಕಳ್ಳಾಗಲಿ, ಅಗೆಲಿನ ಕಳ್ಳಾಗಲಿ, ನಿನ್ನೆ ಯಾರಾದರೂ ಮುಟ್ಟಿದ್ದೀರಾ?"

ಎಲ್ಲರೂ ಇಲ್ಲವೆಂದು ತಲೆಯಾಡಿಸಿದರು. ಮನೆಯ ದೈವದ ಸುದ್ದಿಯನ್ನು ಚರ್ಚಿಗೆ ಹೋಗುವ ಹೆಂಗಸಿನ ಮುಂದೆ ಯಾರು ಬಿಚ್ಚುತ್ತಾರೆ? ಡಾಕ್ಟರು ಗುಳಿಗೆ ಹಂಚಲು ಹೇಳಿದರು. ಸಾಲಿನ ಮೊದಲಲ್ಲಿದ್ದ ಅಕ್ಕು ಕೈಯೊಡ್ಡಿದಳು.

"ಬಾಯಿಗೆ ಹಾಕಬೇಡ ಅಕ್ಕು!" ದೇಯಿಯ ದನಿ. ಅಷ್ಟಕ್ಕೇ ಅವಳಿಗೆ ಉಸಿರು ಸಾಲಲಿಲ್ಲ, ಸುಧಾರಿಸಿಕೊಂಡು ಮುಂದುವರಿಸಿದಳು. "ಅಗೆಲಿನ ಕಳ್ಳು ಮುಗಿಸಿ ಬಂದವರು ಇವತ್ತು ಮದ್ದು ತೆಕ್ಕೊಳ್ಬೇಡಿ. ನನ್ನ ಗಂಡ ಸತ್ತದ್ದು ಅದರಿಂದ. ಕುಡಿಸಿದ್ದು ನಾನು."

ಅಕ್ಕು ಅಂಗೈಯಲ್ಲಿದ್ದ ಗುಳಿಗೆಯನ್ನು ತಟ್ಟೆಗೆ ಹಿಂದಕ್ಕೆ ಹಾಕಿ, ತಲೆ ತಗ್ಗಿಸಿ ಸಾಲು ಬಿಟ್ಟಳು. ಅವಳ ಹಿಂದೆ ಬೋಜ ಹೋದ. ಅವನ ಹಿಂದೆ ಮುದ್ದು, ಮಗಳ ಕೈ ಹಿಡಿದುಕೊಂಡು.

ದೇಯಿ ಮುಂದೆ ಬಂದು ಗುಳಿಗೆಗೆ ಬಾಯಿ ತೆರೆದಳು.