ಚಿಗವ್ವನ ಮೂಗು

ಸಂಜೆಯೊಳಗೆ ಮಕ್ಕಳ ಪತ್ರಿಕೆಗೆ ಚಿತ್ರ ಕಳಿಸಬೇಕಿತ್ತು. ಗ್ವಾಶ್ ಎಂಬ ದಟ್ಟ ನೀರುಬಣ್ಣವನ್ನು ಈಗಷ್ಟೇ ಕಲಿಯುತ್ತಿದ್ದ ಬೆಟಗೇರಿಯ ರೋಹಿಣಿ, ಮಗ್ಗದ ಮುಂದೆ ಕೂತ ಚಿಗವ್ವ ಅನ್ನವ್ವನನ್ನೇ ಬಿಡಿಸಿದ್ದಳು.

"ನನ್ನ ಮೂಗು ಇಷ್ಟ್ ದಪ್ಪ ಐತೇನ ಹುಡುಗಿ?" ಚಿಗವ್ವ ಸಿಡುಕಿದಳು.

"ಇದ್ದಂಗ ಬಿಡಿಸೇನಿ. ಕೈ ಹಚ್ಚಬ್ಯಾಡ ಮತ್ತ, ಈ ಬಣ್ಣ ಒಣಗಿದ್ರೂ ನೀರು ತಾಗಿದ್ರ ಕರಗತೈತಿ," ಎಂದು ರೋಹಿಣಿ ಚಹಾ ಇಡಲು ಹೋದಳು.

ಚಿಗವ್ವನಿಗೆ ಅಷ್ಟೇ ಸಾಕಾಯಿತು. ಬೆರಳು ನೆನೆಸಿಕೊಂಡು ಮೂಗಿನ ಎರಡೂ ಬದಿ ಮೆಲ್ಲಗೆ ತಿಕ್ಕಿದಳು. ರೋಹಿಣಿ ಬಂದು ನೋಡಿದರೆ ಮೂಗೇ ಇಲ್ಲ!

"ಸಣ್ಣ ಮಾಡಾಕ ಹೋದ್ನಿ, ಪೂರಾ ಹೋಗೇಬಿಡ್ತು ನೋಡವಾ."

ರೋಹಿಣಿ ಹಲ್ಲು ಕಚ್ಚಿ ಕಾಗದ ಒಣಗಿಸಿದಳು. ಬಣ್ಣವನ್ನು ಕೆನೆಯಷ್ಟು ಗಟ್ಟಿಯಾಗಿ ಕಲಸಿ, ಕಲೆಯ ಮೇಲೆಯೇ ಹೊಸ ಮೂಗು ಕೂರಿಸಿದಳು, ಸಿಟ್ಟಿಗೆ ಬೇಕಂತಲೇ ಕೊಕ್ಕಿನಂಥ ಚೂಪು ಗಿಣಿಮೂಗು.

ಚಿಗವ್ವ ಹಿಗ್ಗಿದಳು. "ಈಗ ಖರೆ ನನ್ನಂಗ ಐತಿ! ಸೊಂಟಾನೂ ಒಂದೀಟು ತಿಕ್ಕಲೇನು?"