ಹಿಟ್ಟು ಬಳಿದ ತಂಬಿಗೆ

ನಾನು ಒಂದು ಹಿತ್ತಾಳೆ ತಂಬಿಗೆ. ನಾಗಮಂಗಲದಲ್ಲಿ ಸುತ್ತಿಗೆ ಏಟು ತಿಂದು ಹುಟ್ಟಿದೆ. ಭಾಗೀರತಮ್ಮನವರ ಬಳುವಳಿಯಾಗಿ ಮೈಸೂರಿಗೆ ಬಂದೆ. ಅವರು ದಿನಾ ಹುಣಸೆಹಣ್ಣು ಹಾಕಿ ನನ್ನನ್ನು ತಿಕ್ಕಿ, ನನ್ನ ಹೊಟ್ಟೆಯಲ್ಲೇ ಮುಖ ನೋಡಿಕೊಂಡು ಕುಂಕುಮ ಇಡುತ್ತಿದ್ದರು. ನನಗೂ ಜಂಬವಿತ್ತು, ಸುಳ್ಳೇಕೆ ಹೇಳಲಿ?

ಅವರ ಯಜಮಾನರು ಸೀತಾಪತಿರಾಯರು, ಡ್ರಾಯಿಂಗ್ ಮೇಷ್ಟ್ರು. ಒಂದು ದಿನ ಎಲ್ಲಿಂದಲೋ ಹಳೆಯ ಕ್ಯಾಮರಾ ತಂದರು: ಮೂರು ಕಾಲಿನ ಮೇಲೊಂದು ಮರದ ಪೆಟ್ಟಿಗೆ, ಒಳಗೆ ಗಾಜಿನ ಪ್ಲೇಟು. ಅಲ್ಲಿಂದ ಅವರಿಗೆ ಅದೇ ಹುಚ್ಚು. ಮುಚ್ಚಳ ತೆಗೆದು ಹತ್ತು ಎಣಿಸುವ ತನಕ ಎದುರಿಗಿದ್ದದ್ದು ಅಲ್ಲಾಡಬಾರದು. ಹಾಗಾಗಿ ಮೇಜಿನ ಮೇಲೆ ನಾನು, ಎರಡು ಸೀಬೆಹಣ್ಣು, ಒಂದು ಕವಳಿಗೆ ವೀಳ್ಯದೆಲೆ.

"ನಂದೂ ಒಂದು ತೆಗೀರಿ. ನಮ್ಮಮ್ಮ ದುರ್ಗದಲ್ಲಿದ್ದಾರೆ, ನನ್ನ ಮುಖ ನೋಡಿ ಮೂರು ವರ್ಷ ಆಯ್ತು," ಎಂದರು ಭಾಗೀರತಮ್ಮ.

"ನೀನೆಲ್ಲಿ ಅಲ್ಲಾಡದೆ ಕೂತ್ಕೋತೀಯ? ಮೊದಲು ನನ್ನ ಕೈ ಪಳಗಲಿ."

ಮೊದಲ ಪ್ಲೇಟನ್ನು ಬೆಳಕಿಗೆ ಹಿಡಿದ ರಾಯರು ಸಿಡುಕಿದರು. ನನ್ನ ಹೊಟ್ಟೆಯಲ್ಲಿ ಅಕ್ಕಿಕಾಳಿನಷ್ಟು ಭಾಗೀರತಮ್ಮ ಮೂಡಿದ್ದರು, ಬಾಗಿಲಿಗೆ ಒರಗಿ ನಿಂತು.

"ನೋಡು, ಚಿತ್ರ ಕೆಡಿಸಿಬಿಟ್ಟೆ!"

ಬಿಸಿನೀರಿನಲ್ಲಿ ಉಜ್ಜಿ ಆ ಪ್ಲೇಟನ್ನು ಬರಿಗಾಜು ಮಾಡಿದರು. ಇನ್ನು ಮುಂದೆ ಹೊಳಪು ಕಾಣದಂತೆ ತಂಬಿಗೆಗೆ ಅಕ್ಕಿಹಿಟ್ಟು ಕಲಸಿ ಬಳಿ ಎಂದರು. ಪಾಪ, ಆಕೆಯೇ ಬಳಿದರು, ಒಂದು ಚೂರೂ ಬಿಡದೆ.

ನಲವತ್ತು ಪ್ಲೇಟುಗಳಾದವು. ಗೆಳೆಯರು ಬಂದು ಭೇಷ್ ಎಂದರು. ಅಷ್ಟರಲ್ಲಿ ಊರಿಗೆ ಪ್ಲೇಗು ಬಂತು. ಭಾಗೀರತಮ್ಮ ಮೂರೇ ದಿನದಲ್ಲಿ ಹೋಗಿಬಿಟ್ಟರು.

ತಿಂಗಳು ಕಳೆದ ಮೇಲೆ ಅವರ ತಾಯಿ ದುರ್ಗದಿಂದ ಬಂದರು.

"ರಾಶಿ ಚಿತ್ರ ತೆಗ್ದಿದೀರಂತೆ. ನನ್ನ ಮಗಳದ್ದು ಒಂದು ಕೊಡಿ ಅಳಿಯಂದ್ರೇ."

ರಾಯರು ಪ್ಲೇಟುಗಳನ್ನೆಲ್ಲ ಕಿಟಕಿಗೆ ಹಿಡಿದು, ಭೂತಗನ್ನಡಿ ಇಟ್ಟು ಒಂದೊಂದಾಗಿ ಹುಡುಕಿದರು. ಎಲ್ಲೆಲ್ಲೂ ನಾನೇ, ಹಿಟ್ಟು ಮೆತ್ತಿದ ಕುರುಡು ಹೊಟ್ಟೆ. ನಲವತ್ತನೆಯದನ್ನೂ ನೋಡಿ ಕೆಳಗಿಟ್ಟರು.

"ಇಲ್ಲಮ್ಮ," ಎಂದರು.

ಆ ತಾಯಿ ಬಯ್ಯಲಿಲ್ಲ. ನನ್ನನ್ನು ಎತ್ತಿಕೊಂಡು, "ಇದು ನಾವು ಕೊಟ್ಟದ್ದು. ಇದನ್ನಾದ್ರೂ ಒಯ್ತೀನಿ," ಎಂದರು.

ಈಗ ದುರ್ಗದ ಈ ಮನೆಯ ಅಟ್ಟದಲ್ಲಿ ಕಿಲುಬು ಹಿಡಿದು ಕೂತಿದ್ದೇನೆ. ಆ ತಾಯಿಯೂ ಈಗಿಲ್ಲ. ಇದ್ದಷ್ಟು ದಿನ ನನ್ನನ್ನು ತಿಕ್ಕಿ, ತೊಡೆಯ ಮೇಲಿಟ್ಟುಕೊಂಡು, ಸುತ್ತ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಅವರ ಮಗಳ ಮುಖ ಸಾವಿರ ಸಲ ನನ್ನೊಳಗೆ ಬಂದು ಹೋಗಿದೆ. ಒಂದನ್ನೂ ನಾನು ಇಟ್ಟುಕೊಂಡಿರಲಿಲ್ಲ.