ಕೆಂಚಿಗೆ ಹಾಕಿದ ತುತ್ತು

ಹತ್ತು ನಾಯಿಗಳು, ನಲವತ್ತು ಕಾಲುಚೀಲಗಳು. ಹಿಮದ ಮೇಲೆ ಹಾಸಿದ ಒಣಹುಲ್ಲಿನಲ್ಲಿ ಸಾಲಾಗಿ ಮಲಗಿದ್ದ ಆ ನಾಯಿಗಳನ್ನು ಕಂಡ ಕೂಡಲೇ ನನಗೆ ಅನುಮಾನ ಬಂತು. ಗಾಯ ಮುಚ್ಚಿಡಲು ಅಲ್ಲದಿದ್ದರೆ ನಾಯಿಗೆ ಯಾರಾದರೂ ಕಾಲುಚೀಲ ತೊಡಿಸುತ್ತಾರೆಯೇ?

ಅಕ್ಕ ಮದುವೆಯಾಗಿ ಸೇರಿದ ಊರು ವರ್ಷದಲ್ಲಿ ಆರು ತಿಂಗಳು ಹಿಮದಡಿ ಹೂತಿರುತ್ತಿತ್ತು. ಅವಳ ಮಗಳು ವಾರಿಜ, ನಾಯಿಗಳು ಜಾರುಬಂಡಿ ಎಳೆಯುವ ಆರು ದಿನಗಳ ಪಂದ್ಯಕ್ಕೆ ಇಳಿದಿದ್ದಳು. ಮೂರು ವರ್ಷ ಬೇರೇನನ್ನೂ ಯೋಚಿಸಿರಲಿಲ್ಲ, ಹುಡುಗಿ. ಐದನೆಯ ದಿನ ಬೆಳಿಗ್ಗೆ ಕೊನೆಯ ತಂಗುದಾಣಕ್ಕೆ ಮೂರನೆಯವಳಾಗಿ ಬಂದಳು. ಬೀದಿನಾಯಿಗೆ ಬಿಸ್ಕತ್ತು ಹಾಕಿ ಪುಣ್ಯ ಕಟ್ಟಿಕೊಂಡೆನೆಂದು ಬೀಗುವ ಪಟ್ಟಣದವನು ನಾನು. ಅಲ್ಲಿ ಕಾದಿದ್ದದ್ದು, ನಿಜ ಹೇಳಬೇಕೆಂದರೆ, ಅವಳು ನಾಯಿಗಳನ್ನು ಹಿಂಸಿಸುವ ಗುಟ್ಟು ಹಿಡಿಯಲು. ಅವಳು ಹೆಸರು ಬರೆಸಲು ಹೋದಾಗ ಬಂಡಿಯಲ್ಲೆಲ್ಲ ಕೈಯಾಡಿಸಿ ಚಾಟಿ ಹುಡುಕಿದೆ. ಸಿಗಲಿಲ್ಲ. ಎಲ್ಲೋ ಬಚ್ಚಿಟ್ಟಿದ್ದಾಳೆ ಅಂದುಕೊಂಡೆ.

"ಮಾವ, ಬಿಸಿನೀರು ತರ್ತೀನಿ. ಇವಕ್ಕೆ ಏನೂ ಹಾಕ್ಬೇಡಿ. ಹೊರಗಿನವರು ಒಂದು ತುತ್ತು ಹಾಕಿದ್ರೂ ನನ್ನನ್ನ ಪಂದ್ಯದಿಂದ ತೆಗೀತಾರೆ," ಎಂದು ಹೇಳಿ ಹೋದಳು.

ಕಳ್ಳನಿಗೊಂದು ಪಿಳ್ಳೆ ನೆವ! ಹೊಟ್ಟೆಗಿಲ್ಲದೆ ಓಡಿಸುವುದು, ಅದಕ್ಕೆ ನಿಯಮವೆಂಬ ಹೆಸರು ಬೇರೆ. ಸಾಲಿನ ಮುಂದಾಳು ಕೆಂಚಿ ನನ್ನ ಕೋಟಿನ ಜೇಬು ಮೂಸುತ್ತಿತ್ತು. ಅಕ್ಕ ಕಟ್ಟಿಕೊಟ್ಟ ತುಪ್ಪದ ಚಪಾತಿ ಅದರಲ್ಲಿತ್ತು. ಆಚೀಚೆ ನೋಡಿ ಒಂದನ್ನು ಹಾಕಿಬಿಟ್ಟೆ.

ವಾರಿಜ ಬಂದವಳೇ ಮಾಂಸದ ಗಂಜಿ ಕಲಸಿ ಹತ್ತಕ್ಕೂ ಹೊಟ್ಟೆತುಂಬ ಬಡಿಸಿದಳು. ತಾನು ಒಂದು ಗುಟುಕು ನೀರೂ ಕುಡಿದಿರಲಿಲ್ಲ. ಆಮೇಲೆ ಮೊಣಕಾಲೂರಿ ಒಂದೊಂದೇ ಕಾಲುಚೀಲ ಬಿಚ್ಚಿದಳು. ಗಾಯ ನೋಡೋಣವೆಂದು ನಾನು ಬಗ್ಗಿದೆ. ಒಂದು ಗೀರೂ ಇರಲಿಲ್ಲ. ಪಾದಗಳಿಗೆ ಮುಲಾಮು ತಿಕ್ಕುತ್ತಿದ್ದ ಅವಳ ಬೆರಳುಗಳೇ ಚಳಿಗೆ ಒಡೆದು ರಕ್ತ ಜಿನುಗುತ್ತಿತ್ತು. ಎಂಥ ಹುಡುಗಿಯಪ್ಪಾ ಇವಳು! ಮೂವತ್ತಾರು ಕಾಲು ಮುಗಿಸಿ ಕೆಂಚಿಯ ಹತ್ತಿರ ಬಂದಾಗ ಅದು ಬಾಲವಾಡಿಸುತ್ತ ಮತ್ತೆ ನನ್ನ ಜೇಬಿಗೇ ಮೂತಿಯಿಟ್ಟಿತು.

ವಾರಿಜ ಜೇಬಿನ ಮೇಲಿನ ತುಪ್ಪದ ಕಲೆ ನೋಡಿದಳು. "ಮಾವ... ಹಾಕಿದ್ರಾ?"

"ಒಂದೇ ಒಂದು ಕಣೇ. ಯಾರೂ ನೋಡಿಲ್ಲ. ಸುಮ್ಮನಿದ್ದುಬಿಡು, ನಿನ್ನ ದಮ್ಮಯ್ಯ."

"ನಂಗೆ ಗೊತ್ತಾಯ್ತಲ್ಲ ಮಾವ."

ಕೆಂಚಿಯ ನಾಲ್ಕು ಕಾಲಿಗೂ ಮುಲಾಮು ಹಚ್ಚಿ ಮುಗಿಸಿಯೇ ಅವಳು ಅಧಿಕಾರಿಯ ಡೇರೆಗೆ ಹೋದದ್ದು. ಬರುವಾಗ ಎದೆಯ ಮೇಲಿನ ಪಂದ್ಯದ ನಂಬರಿನ ಬಟ್ಟೆ ಇರಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ನಾಲ್ಕನೆಯ ತಂಡ ಹೊರಟಿತು. ನಮ್ಮ ಹತ್ತೂ ನಾಯಿಗಳು ತಾವೂ ಓಡಬೇಕೆಂದು ಒಟ್ಟಿಗೆ ಎದ್ದು ಊಳಿಟ್ಟವು. ಬಂಡಿಗೆ ಕಟ್ಟಿದ ಹಗ್ಗ ಬಿಗಿಯಿತು, ಬಂಡಿ ಜಾರದಂತೆ ಹಿಮದಲ್ಲಿ ನೆಟ್ಟ ಕಬ್ಬಿಣದ ಕೊಕ್ಕೆ ಕಿರುಗುಟ್ಟಿತು.

"ಮಾವ, ಬಂಡಿ ಹಿಂದಿನ ಬ್ರೇಕ್ ಮೇಲೆ ನಿಂತ್ಕೊಳ್ಳಿ, ಬೇಗ!"

ನಿಂತೆ. ನನ್ನ ಭಾರವನ್ನೆಲ್ಲ ಹಾಕಿದೆ. ಬಂಡಿ ನನ್ನನ್ನೂ ಹೊತ್ತು ಮುಂದೆ ಮುಂದೆ ಜಾರುತ್ತಿತ್ತು. ಕೊನೆಗೆ ವಾರಿಜ ಓಡಿಬಂದು ನನ್ನ ಪಕ್ಕದಲ್ಲಿ ಹತ್ತಿ, ಅದೇ ಬ್ರೇಕಿನ ಮೇಲೆ ತನ್ನ ಎರಡೂ ಕಾಲಿಟ್ಟಳು.